ಸಹಾಯ ಬೇಕು: ಗ್ರ್ಯಾಂಡ್ ಕ್ಯಾನ್ಯನ್ ಹತ್ತಿರ ಕಾಡಿನಲ್ಲಿ ಟೆಂಟ್

ಎಲ್ಲರಿಗೂ ನಮಸ್ಕಾರ. ನಾವಿರುವುದು ಫೀನಿಕ್ಸ್‌ನಲ್ಲಿ. ಅಕ್ಟೋಬರ್ ಎರಡನೇ ವಾರ ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ಅಂಚಿಗೆ (ಸೌತ್ ರಿಮ್) ಹೊರಟಿದ್ದೇವೆ. ಪಾರ್ಕ್ ಒಳಗೆ ಎಲ್ಲ ಬುಕ್ ಆಗಿದೆ. ಹೊರಗೆ ಟುಸಾಯನ್ ಅನ್ನೋ ಊರಿನ ಪಕ್ಕದ ಕೈಬಾಬ್ ನ್ಯಾಷನಲ್ ಫಾರೆಸ್ಟ್‌ನಲ್ಲಿ ದುಡ್ಡು ಕೊಡದೆ 14 ದಿನದವರೆಗೆ ಟೆಂಟ್ ಹಾಕಬಹುದಲ್ವಾ, ಅಲ್ಲೇ ಎರಡು ರಾತ್ರಿ ಇರೋಣ ಅಂತ.

ನನ್ನ ಚಿಂತೆ ದಾರಿಯದ್ದು. ನಮ್ಮದು ಹಳೇ ಕೊರೊಲ್ಲಾ ಕಾರು. ಹೋದ ವರ್ಷ ಫ್ಲಾಗ್‌ಸ್ಟಾಫ್ ಹತ್ತಿರ ಮಳೆ ಬಿದ್ದ ಮಾರನೇ ದಿನ ಇಂಥದ್ದೇ ಮಣ್ಣುದಾರಿಗೆ ಇಳಿದೆವು. ಚಕ್ರಕ್ಕೆ ಜೇಡಿಮಣ್ಣು ರಾಗಿಮುದ್ದೆ ಹಾಗೆ ಮೆತ್ತಿಕೊಂಡಿತು. ಕಡ್ಡಿಯಲ್ಲಿ ಕೆರೆದು ತೆಗೆಯುವಷ್ಟರಲ್ಲಿ ಸಂಜೆ! ಈ ಸಲ ಹೋಗುವ ಕೈಬಾಬ್ ಕಾಡಿನ ಫಾರೆಸ್ಟ್ ರೋಡ್ 302ರಲ್ಲಿ ನಮ್ಮಂಥ ಸೆಡಾನ್ ಕಾರು ಎಷ್ಟು ದೂರ ಹೋಗುತ್ತದೆ? ಫಾರೆಸ್ಟ್‌ನವರ ಮ್ಯಾಪ್ ಫೋನಿಗೆ ಇಳಿಸಿಕೊಂಡಿದ್ದೇನೆ, ಆದರೆ ಅದರಲ್ಲಿ ಗುಂಡಿ ಕಾಣುವುದಿಲ್ಲ.

ಇನ್ನೊಂದು. ಮೈಸೂರಿಂದ ಅಪ್ಪ ಅಮ್ಮ ಬಂದಿದ್ದಾರೆ. ಕಾಡಲ್ಲಿ ನೀರಿಲ್ಲ, ಟಾಯ್ಲೆಟ್ ಇಲ್ಲ, ಗುಂಡಿ ತೋಡಿ ಮುಚ್ಚಬೇಕು. ಅಪ್ಪ "ಚಿಕ್ಕವನಿದ್ದಾಗ ಮಾಡಿದ್ದೇ ತಾನೇ" ಅಂತ ನಗುತ್ತಾರೆ. ಅಮ್ಮ ಮಾತೇ ಆಡುತ್ತಿಲ್ಲ. ಸುಮಾರು 7,000 ಅಡಿ ಎತ್ತರ ಬೇರೆ, ರಾತ್ರಿ ಚಳಿ ಜಾಸ್ತಿ. ವಯಸ್ಸಾದವರನ್ನು ಕರೆದುಕೊಂಡು ಹೋದವರಿದ್ದರೆ ಏನೇನು ಒಯ್ದಿರಿ, ಹೇಳಿ. ಮಡಚುವ ಟಾಯ್ಲೆಟ್ ಯಾರ ಹತ್ತಿರವಾದರೂ ಇದ್ದರೆ ಎರಡು ದಿನಕ್ಕೆ ಕೊಡುತ್ತೀರಾ? ತೊಳೆದೇ ವಾಪಸ್ ಕೊಡುತ್ತೇನೆ.