ಹನ್ನೊಂದು ಪುಸ್ತಕಗಳ ಪಟ್ಟಿಗೆ ನನ್ನ ತಕರಾರು

ದೊಡ್ಡಪ್ಪ: ವೆಬ್ ವಿನ್ಯಾಸ ಮತ್ತು ಪ್ರೋಗ್ರಾಮಿಂಗ್ ಕಲಿಯುವವರಿಗೆಂದು ಯಾರೋ ಮಾಡಿದ ಹನ್ನೊಂದು ಪುಸ್ತಕಗಳ ಪಟ್ಟಿಯನ್ನು ನಮ್ಮ ಮನೆಯವರ ಗುಂಪಿನಲ್ಲಿ ಹಾಕಿದ್ದೇನೆ. ಪುಟ್ಟಿ ಕಲಿಯಬೇಕೆಂದು ಹೇಳುತ್ತಿದ್ದಳಲ್ಲ, ಪಟ್ಟಿಯ ಮೊದಲಿಗೇ ಇರುವ ಕರ್ನಿಹನ್ ಮತ್ತು ರಿಚಿಯವರು ಬರೆದ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪುಸ್ತಕದಿಂದ ಆರಂಭಿಸಲಿ. ನಾನು ಕಲಿತದ್ದು ಅದರಿಂದಲೇ.

ನಾನು: ದೊಡ್ಡಪ್ಪ, ಪಟ್ಟಿಯನ್ನು ಈಗಿರುವಂತೆಯೇ ಅವಳ ಕೈಗೆ ಕೊಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಹನ್ನೊಂದರಲ್ಲಿ ಒಂದು ಪುಸ್ತಕಕ್ಕೂ ಪ್ರಕಟವಾದ ವರ್ಷವನ್ನು ಕೊಟ್ಟಿಲ್ಲ. ಅದರಲ್ಲಿರುವ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪುಸ್ತಕ ಎರಡನೆಯ ಆವೃತ್ತಿಯ ಪೈಥಾನ್ ಕಲಿಸುವಂಥದ್ದು, ಆ ಆವೃತ್ತಿಗೆ ಅಧಿಕೃತ ಬೆಂಬಲ ನಿಂತದ್ದು 2020ರ ಜನವರಿ 1ರಂದು. ಅದರ ಮೊದಲ ಅಭ್ಯಾಸದಲ್ಲೇ ಪ್ರಿಂಟ್ ಪದದ ಮುಂದೆ ಆವರಣ ಚಿಹ್ನೆ ಇಲ್ಲದಿರುವುದರಿಂದ ಇಂದಿನ ಪೈಥಾನ್ ದೋಷ ತೋರಿಸಿ ನಿಲ್ಲುತ್ತದೆ. ಅದಾದರೂ ಕಣ್ಣಿಗೆ ಬೀಳುವ ದೋಷ. ಏಳನ್ನು ಎರಡರಿಂದ ಭಾಗಿಸಿದರೆ ಹಳೆಯ ಪೈಥಾನ್ 3 ಎನ್ನುತ್ತಿತ್ತು, ಹೊಸದು 3.5 ಎನ್ನುತ್ತದೆ. ಇಲ್ಲಿ ಯಾವ ದೋಷಸೂಚನೆಯೂ ಬಾರದು, ಉತ್ತರವಷ್ಟೇ ಬೇರೆಯಾಗುತ್ತದೆ. ಹೊಸಬಳಾದ ಅವಳು ಅಂಥ ಹೊತ್ತಿನಲ್ಲಿ ಪುಸ್ತಕವನ್ನು ಅನುಮಾನಿಸುವುದಿಲ್ಲ, ತನ್ನ ಬುದ್ಧಿಯನ್ನೇ ಅನುಮಾನಿಸುತ್ತಾಳೆ.

ದೊಡ್ಡಪ್ಪ: ಹಳೆಯದೆಂದ ಮಾತ್ರಕ್ಕೆ ತಳ್ಳಿಹಾಕುವುದು ಸರಿಯಲ್ಲ. ಸಿ ಪುಸ್ತಕ ಮೊದಲು ಬಂದದ್ದು 1978ರಲ್ಲಿ, ಎರಡನೆಯ ಆವೃತ್ತಿ 1988ರಲ್ಲಿ. ನಿನ್ನ ಲೆಕ್ಕದಲ್ಲಿ ಅದನ್ನೂ ಎಸೆಯಬೇಕೇ?

ನಾನು: ಖಂಡಿತ ಬೇಡ. ಪ್ರೋಗ್ರಾಂ ಶುರುವಾಗುವ ಮೇನ್ ಎಂಬ ಹೆಸರಿನ ಹಿಂದೆ ಇಂಟ್ ಎಂದು ಬರೆಯದಿದ್ದರೆ, ಕೋಡನ್ನು ಕಂಪ್ಯೂಟರ್ ನಡೆಸಬಲ್ಲ ರೂಪಕ್ಕೆ ತರುವ ಇಂದಿನ ಕೆಲವು ಕಂಪೈಲರ್‌ಗಳು ಒಪ್ಪುವುದಿಲ್ಲ ಎಂಬಂಥ ಸಣ್ಣಪುಟ್ಟ ತೊಡಕುಗಳನ್ನು ಬಿಟ್ಟರೆ ಅದರಲ್ಲಿರುವ ಹೆಚ್ಚಿನ ಕೋಡ್ ಇಂದಿಗೂ ನಡೆಯುತ್ತದೆ, ಅಷ್ಟು ಅಡಕವಾಗಿ ಬರೆದ ತಾಂತ್ರಿಕ ಪುಸ್ತಕಗಳು ವಿರಳ. ನನ್ನ ಆಕ್ಷೇಪ ಅದರ ವಯಸ್ಸಿನ ಬಗ್ಗೆ ಅಲ್ಲ. ಇದು ಪ್ರೋಗ್ರಾಮಿಂಗ್‌ನ ಪ್ರಾಥಮಿಕ ಕೈಪಿಡಿಯಲ್ಲ, ವೇರಿಯಬಲ್, ಲೂಪ್, ಫಂಕ್ಷನ್‌ಗಳಂಥ ಮೂಲ ಪರಿಕಲ್ಪನೆಗಳ ಪರಿಚಯ ಓದುಗರಿಗೆ ಈಗಾಗಲೇ ಇರಬೇಕು ಎಂದು ಲೇಖಕರೇ ಅದರಲ್ಲಿ ಮೊದಲಿಗೇ ತಿಳಿಸಿದ್ದಾರೆ. ಪಟ್ಟಿ ಮಾಡಿದವರು ಅಷ್ಟನ್ನೂ ಓದದೆ ಅದನ್ನು ಮೊದಲನೆಯ ಪುಸ್ತಕವಾಗಿ ಇಟ್ಟಿದ್ದಾರೆ.

ಚಿಕ್ಕಮ್ಮ: ಹಾಗಿದ್ದರೆ ಪಟ್ಟಿಯಲ್ಲಿರುವ, ವೆಬ್ ಪುಟ ಕಟ್ಟುವ ಮತ್ತು ಅಲಂಕರಿಸುವ ಭಾಷೆಗಳನ್ನು ಕಲಿಸುವ ಡಕೆಟ್ ಅವರ ಎಚ್‌ಟಿಎಂಎಲ್, ಸಿಎಸ್‌ಎಸ್ ಪುಸ್ತಕ ಹೇಗೆ? ಪುಟಪುಟವೂ ಚಿತ್ರಗಳಿಂದ ತುಂಬಿದೆ, ನೋಡಿದರೆ ಓದಬೇಕೆನಿಸುತ್ತದೆ.

ನಾನು: ಅದು ನನಗೂ ಪ್ರಿಯವಾದ ಪುಸ್ತಕ, ಚಿಕ್ಕಮ್ಮ. ಶೀರ್ಷಿಕೆ, ಪ್ಯಾರಾ, ಕೊಂಡಿ, ಫಾರ್ಮ್‌ಗಳ ಟ್ಯಾಗ್‌ಗಳು ಹೆಚ್ಚು ಬದಲಾಗಿಲ್ಲವಾದ್ದರಿಂದ ಆ ಅಧ್ಯಾಯಗಳನ್ನು ಧೈರ್ಯವಾಗಿ ಓದಬಹುದು. ಆದರೆ ಅದು 2011ರದ್ದು. ಪುಟವನ್ನು ಅಂಕಣಗಳಾಗಿ ಜೋಡಿಸುವುದಕ್ಕೆ ಅದು ಕಲಿಸುವುದು ಫ್ಲೋಟ್ ಎಂಬ ಹಳೆಯ ವಿಧಾನವನ್ನು. ನಾನೂ ಆ ವಿಧಾನದಲ್ಲೇ ಕಲಿತವಳು. ಎರಡು ಅಂಕಣಗಳನ್ನು ಅಕ್ಕಪಕ್ಕ ನಿಲ್ಲಿಸಿದೆನೆಂದರೆ ಕೆಳಗಿನ ಭಾಗ ಮೇಲೆ ನುಗ್ಗಿ ಬರುತ್ತಿತ್ತು, ಅದನ್ನು ತಡೆಯಲು ಅರ್ಥವೇ ತಿಳಿಯದ ಸಾಲುಗಳನ್ನು ನಕಲು ಮಾಡಿ ಅಂಟಿಸುತ್ತಿದ್ದೆ. 2017ರಲ್ಲಿ ಪ್ರಮುಖ ಬ್ರೌಸರ್‌ಗಳಿಗೆ ಗ್ರಿಡ್ ಎಂಬ ಹೊಸ ವಿಧಾನ ಬಂದ ಮೇಲೆ ಅದೇ ಕೆಲಸ ಎರಡು ಸಾಲಿಗೆ ಇಳಿಯಿತು. ನಾನು ಪಟ್ಟ ಆ ಪಾಡು ಪುಟ್ಟಿಗೂ ಬರಬೇಕೆಂದೇನಿಲ್ಲ. ಲೇಔಟ್ ಅಧ್ಯಾಯವನ್ನು ಬಿಟ್ಟು ಫ್ಲೆಕ್ಸ್‌ಬಾಕ್ಸ್ ಮತ್ತು ಗ್ರಿಡ್ ಎಂಬ ಹೊಸ ವಿಧಾನಗಳನ್ನು ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರ ಉಚಿತ ಎಂಡಿಎನ್ ತಾಣದಲ್ಲಿ ಕಲಿಯಲಿ.

ಪುಟ್ಟಿ: ಅಕ್ಕಾ, ಹನ್ನೊಂದರಲ್ಲಿ ನಾನು ಓದಬೇಕಾದದ್ದು ಯಾವುದು ಎಂದು ಒಂದನ್ನೇ ಹೇಳಿ.

ನಾನು: ನಿನಗೆ ಕಣ್ಣಿಗೆ ಕಾಣುವ ಪುಟ ಮಾಡಬೇಕೆಂಬ ಆಸೆಯಿದ್ದರೆ ಡಕೆಟ್, ನಾನು ಹೇಳಿದಂತೆ. ಕಂಪ್ಯೂಟರ್‌ನಿಂದ ಕೆಲಸ ಮಾಡಿಸುವ ಆಸೆಯಿದ್ದರೆ ಪಟ್ಟಿಯ ಹೊರಗಿನ ಒಂದು ಪುಸ್ತಕ, ಅಲ್ ಸ್ವೈಗಾರ್ಟ್ ಅವರ 'ಆಟೋಮೇಟ್ ದಿ ಬೋರಿಂಗ್ ಸ್ಟಫ್ ವಿತ್ ಪೈಥಾನ್'. ಏನೂ ತಿಳಿಯದವರಿಗಾಗಿಯೇ ಬರೆದದ್ದು, ಮೂರನೆಯ ಆವೃತ್ತಿಯ ಪೈಥಾನ್ ಬಳಸುತ್ತದೆ, ಲೇಖಕರೇ ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಇಟ್ಟಿದ್ದಾರೆ. ವೆಬ್ ಪುಟಗಳಿಗೆ ಚಲನೆ ಕೊಡುವ ಜಾವಾಸ್ಕ್ರಿಪ್ಟ್ ಭಾಷೆಯನ್ನು ಕಲಿಸುವ, ಪಟ್ಟಿಯಲ್ಲಿರುವ 'ಎಲೊಕ್ವೆಂಟ್ ಜಾವಾಸ್ಕ್ರಿಪ್ಟ್' ಕೂಡ ಉಚಿತವಾಗಿ ಸಿಗುತ್ತದೆ, ಅದರ ನಾಲ್ಕನೆಯ ಆವೃತ್ತಿ 2024ರಲ್ಲಿ ಬಂದಿದೆ, ಆದರೆ ಕೆಲವೇ ಅಧ್ಯಾಯಗಳಲ್ಲಿ ಏರು ಕಡಿದಾಗುವುದರಿಂದ ಅದನ್ನು ಆಮೇಲೆ ಓದು. ಯಾವುದನ್ನು ಹಿಡಿದರೂ ಕೋಡನ್ನು ನಕಲು ಮಾಡದೆ ಕೈಯಾರೆ ಟೈಪ್ ಮಾಡು, ಒಂದು ಸಂಖ್ಯೆಯನ್ನೋ ಹೆಸರನ್ನೋ ಬದಲಾಯಿಸಿ ಏನಾಗುತ್ತದೆಂದು ಮೊದಲು ಊಹಿಸಿ ಆಮೇಲೆ ನಡೆಸಿ ನೋಡು.

ದೊಡ್ಡಪ್ಪ: ಸಿ ಪುಸ್ತಕದ ಮುನ್ನುಡಿ ತೆಗೆದು ನೋಡಿದೆ, ನೀನು ಹೇಳಿದ ಮಾತು ಇದೆ. ಇಷ್ಟು ವರ್ಷ ಗಮನಿಸಿರಲಿಲ್ಲ, ನಾನು ಅದನ್ನು ಹಿಡಿಯುವ ಹೊತ್ತಿಗೆ ಫೋರ್ಟ್ರಾನ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯನ್ನು ಆಗಲೇ ಕಲಿತಿದ್ದೆ. ಪ್ರತಿ ಪುಸ್ತಕಕ್ಕೂ ವರ್ಷ ಹಾಕಿ ಪಟ್ಟಿಯನ್ನು ಮತ್ತೆ ಕಳಿಸುತ್ತೇನೆ, ಆದರೆ ಸಿ ಪುಸ್ತಕವನ್ನು ಮಾತ್ರ ತೆಗೆಯುವುದಿಲ್ಲ.

ನಾನು: ತೆಗೆಯಬೇಡಿ ದೊಡ್ಡಪ್ಪ, ಪಟ್ಟಿಯ ಕೊನೆಗೆ ಹಾಕಿ. ಅವಳು ಅಲ್ಲಿಗೆ ತಲುಪಿದಾಗ ಮೆಮೊರಿಯ ವಿಳಾಸ ಹಿಡಿದಿಡುವ ಪಾಯಿಂಟರ್‌ಗಳ ಅಧ್ಯಾಯವನ್ನು ನೀವೇ ಹೇಳಿಕೊಡಬೇಕು.