ಚಿಂಚಿಲಾಕ್ಕೆ ಅಡಿಯಲ್ಲಿ ಕಂದು ಕಲೆ, ವಾಸನೆ ಬರ್ತಾ ಉಂಟು – ಹೀಟಾ, ಕಾಯಿಲೆಯಾ?

ಕುಂಬ್ಳೆ ಕಡಲು:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎರಡು ಚಿಂಚಿಲಾ (ದಪ್ಪ ರೋಮದ, ಇಲಿ ಜಾತಿಯ ಸಾಕುಪ್ರಾಣಿ) ಉಂಟು, ಎರಡೂ ಹೆಣ್ಣು ಅಂತ ಹೇಳಿ ಕೊಟ್ಟದ್ದು, ಎಸಿ ರೂಮಲ್ಲಿ ಒಂದೇ ಗೂಡು. ಈಗ ದೊಡ್ಡದು ಮೊನ್ನೆಯಿಂದ ಬಗ್ಗಿ ಬಗ್ಗಿ ಅಡಿ ನೆಕ್ಕುದೇ ನೆಕ್ಕುದು, ಹೊಟ್ಟೆ ಅಡಿಯ ಬಿಳಿ ರೋಮ ಅಂಟಂಟಾಗಿ ಕಂದು ಬಣ್ಣಕ್ಕೆ ತಿರುಗಿದೆ, ಹಾಸಿದ ಬಟ್ಟೆಯಲ್ಲೂ ಅದೇ ಕಲೆ, ಹತ್ತಿರ ಹೋದ್ರೆ ಕೆಟ್ಟ ವಾಸನೆ. ಹುಲ್ಲು ಮೂಸಿ ಬಿಡ್ತದೆ. ಅಪ್ಪ ಹೇಳ್ತಾರೆ ದನಕ್ಕೂ ಹೀಟ್ (ಬೆದೆ) ಕಳೆದ ಮೇಲೆ ಸ್ವಲ್ಪ ರಕ್ತ ಬೀಳ್ತದಲ್ವಾ ಇದೂ ಹಾಗೇ, ಬಿಡು ಅಂತ. ನನ್ನ ಮನಸ್ಸು ಕೇಳ್ತಾ ಇಲ್ಲ. ಎಂತ ಮಾಡುದು?

ಪೆರ್ಲದ ಅಕ್ಕ:
ಕಾಯ್ಬೇಡಿ ಮಾರಾಯ್ರೆ, ಇವತ್ತೇ ಡಾಕ್ಟ್ರಿಗೆ ತೋರಿಸಿ. ನಿಮ್ಮ ತಂದೆಯವರು ದನದ ವಿಷಯ ಹೇಳಿದ್ದು ಸರಿಯೇ, ಆದ್ರೆ ಚಿಂಚಿಲಾಕ್ಕೆ ಅದು ಲಾಗು ಆಗುದಿಲ್ಲ, ಇದಕ್ಕೆ ಹೀಟಲ್ಲಿ ರಕ್ತ ಹೋಗುವ ಕ್ರಮವೇ ಇಲ್ಲ. 30ರಿಂದ 50 ದಿನಕ್ಕೊಮ್ಮೆ ಹೀಟಿಗೆ ಬರ್ತದೆ, ಆಗಲೂ ಹೆರುವಾಗಲೂ ಮಾತ್ರ ಯೋನಿ ತೆರೀತದೆ, ಬಾಕಿ ದಿನ ತೆಳು ಪೊರೆ ಮುಚ್ಚಿಕೊಂಡೇ ಇರ್ತದೆ. ಹೀಟ್ ಸಮಯದಲ್ಲಿ ಮೇಣದ ತುಂಡಿನ ಹಾಗೆ ಬಿಳಿ ಚೂರು ಒಂದು ಗೂಡಲ್ಲಿ ಬಿದ್ದಿರಬಹುದು, ಅದು ನಾರ್ಮಲ್. ಕೀವು, ರಕ್ತ, ವಾಸನೆ ಇದ್ಯಾವುದೂ ನಾರ್ಮಲ್ ಅಲ್ಲ. ಅದರ ಮೇಲೆ ಹುಲ್ಲೂ ಬಿಟ್ಟಿದೆ ಅಂತೀರಿ, ಚಿಂಚಿಲಾ ಒಂದು ದಿನ ತಿನ್ನದಿದ್ರೆ ಕರುಳೇ ನಿಂತು ಹೋಗ್ತದೆ.

ಇನ್ನೊಂದು, ಎರಡೂ ಹೆಣ್ಣೇ ಅಂತ ಗ್ಯಾರಂಟಿ ಉಂಟಾ? ಹೆಣ್ಣಿಗೆ ಮೂತ್ರ ಹೋಗ್ಲಿಕ್ಕೆ ಸಣ್ಣ ಮೊನೆ ಇರ್ತದೆ, ನೋಡಿದ್ರೆ ಗಂಡಿನದ್ದರ ಹಾಗೇ ಕಾಣ್ತದೆ, ಕೊಡುವವರಿಗೂ ಗೊತ್ತಾಗುದಿಲ್ಲ. ಆ ಮೊನೆಗೂ ಗುದಕ್ಕೂ ನಡುವೆ ಎಷ್ಟು ಜಾಗ ಉಂಟು ನೋಡಿ. ಹೆಣ್ಣಲ್ಲಿ ಎರಡೂ ಹೆಚ್ಚುಕಡಿಮೆ ತಾಗಿಕೊಂಡೇ ಇರ್ತವೆ, ಗಂಡಲ್ಲಿ ನಡುವೆ ರೋಮ ಇಲ್ಲದ ಚರ್ಮ ಸರಿಯಾಗಿ ಕಾಣ್ತದೆ. ಜೊತೆಗಿರುದು ಗಂಡಾದ್ರೆ ಇದಕ್ಕೆ ಗರ್ಭ ಇಳಿದದ್ದೂ ಇರಬಹುದು.

ಬದಿಯಡ್ಕದ ಹುಡುಗ:
ಅಕ್ಕ ಹೇಳಿದ್ದು ಪೂರ್ತಿ ಸರಿ. ನಾನು ಮಣ್ಣುತ್ತಿಯಲ್ಲಿ ವೆಟರ್ನರಿ ಓದ್ತಾ ಇದ್ದೇನೆ. ನೀವು ಹೇಳಿದ್ದು ಕೇಳಿದ್ರೆ ಗರ್ಭಕೋಶದಲ್ಲಿ ಇನ್‌ಫೆಕ್ಷನ್, ಇಲ್ಲಾಂದ್ರೆ ಮರಿಯೋ ಮಾಸೋ ಒಳಗೆ ಉಳಿದದ್ದು, ಇವೆರಡನ್ನೇ ಮೊದಲು ನೋಡ್ಬೇಕು, ಸ್ಕ್ಯಾನ್ ಮಾಡದೆ ಖಚಿತ ಹೇಳ್ಲಿಕ್ಕೆ ಆಗುದಿಲ್ಲ.

ದಯವಿಟ್ಟು ಮನೆಯಲ್ಲಿದ್ದ ಮಾತ್ರೆ ಯಾವುದೂ ಕೊಡ್ಬೇಡಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್ ಇಂಥವು ಬಾಯಿಗೆ ಹೋದ್ರೆ ಚಿಂಚಿಲಾದ ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಪ್ರಾಣಕ್ಕೇ ಬರ್ತದೆ. ನಾಯಿ ಬೆಕ್ಕು ಮಾತ್ರ ನೋಡುವ ಕ್ಲಿನಿಕ್ಕಾದ್ರೆ ನೀವೇ ಬಾಯಿಬಿಟ್ಟು ಇದು ಮೊಲ, ಗಿನಿಪಿಗ್ ಜಾತಿಯ ಹೊಟ್ಟೆ ಅಂತ ನೆನಪಿಸಿ, ಸಂಕೋಚ ಬೇಡ. ಡೆಟ್ಟಾಲ್ ಹಾಕಿ ತೊಳೆಯುದೂ ಬೇಡ. ಈ ಸೆಕೆಯಲ್ಲಿ ಬಸ್ಸಲ್ಲಿ ಹೋಗ್ಬೇಡಿ, 27 ಡಿಗ್ರಿ ದಾಟಿದ್ರೆ ಅದಕ್ಕೆ ತಡೆಯುದಿಲ್ಲ, ನೀರು ಫ್ರೀಜ್ ಮಾಡಿದ ಬಾಟ್ಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಇಟ್ಟು ಎಸಿ ಕಾರಲ್ಲಿ ಕರ್ಕೊಂಡು ಹೋಗಿ.

ಕುಂಬ್ಳೆ ಕಡಲು:
ಮಂಗಳೂರಿಗೆ ಹೋಗಿ ಬಂದೆವು. ಅಕ್ಕ, ಇನ್ನೊಂದು ಗಂಡೇ! ಸ್ಕ್ಯಾನಲ್ಲಿ ಹೊಟ್ಟೆಯೊಳಗೆ ಸತ್ತ ಮರಿ ಕಂಡಿತು, ಆಪರೇಷನ್ ಮಾಡಿ ಗರ್ಭಕೋಶವನ್ನೇ ತೆಗೆದ್ರು. ಈಗ ಹುಡಿ ಆಹಾರ ಕಲಸಿ ಸಿರಿಂಜಲ್ಲಿ ಕೊಡ್ತಾ ಇದ್ದೇನೆ, ಇವತ್ತು ಬೆಳಿಗ್ಗೆ ಒಂದು ಎಳೆ ಹುಲ್ಲು ತಾನಾಗಿ ಎತ್ತಿಕೊಂಡು ಅಗಿಯಿತು. ಅಪ್ಪನೇ ಮೊದಲು ನೋಡಿ ಕರೆದದ್ದು. ಗಂಡನ್ನು ಬೇರೆ ಗೂಡಿಗೆ ಹಾಕಿದ್ದೇನೆ. ಅದಕ್ಕೂ ಈ ಥರ ಏನಾದ್ರೂ ಬರ್ತದಾ, ಎಂತ ನೋಡ್ಬೇಕು?

ಪೆರ್ಲದ ಅಕ್ಕ:
ಸದ್ಯ ಬದುಕಿತಲ್ಲ, ದೇವರು ದೊಡ್ಡವ.

ಗಂಡಿಗೆ ಬರುದು ರೋಮದ ಉಂಗುರ. ಉದುರಿದ ರೋಮ ಶಿಶ್ನಕ್ಕೆ ಸುತ್ತಿ ಒಳಗೆ ಬಿಗಿಯಾಗಿ ಕೂತುಬಿಡ್ತದೆ, ಒಂಟಿಯಾಗಿ ಇರುವ ಗಂಡಿಗೂ ಬರ್ತದೆ. ಬಿಟ್ರೆ ಮೂತ್ರ ಕಟ್ಟಿ, ರಕ್ತ ಓಡದೆ ಆ ಭಾಗ ಕೊಳೆತೇ ಹೋಗಬಹುದು. ಪದೇ ಪದೇ ಅಡಿ ನೆಕ್ಕುದು, ಮುಕ್ಕಿ ಮುಕ್ಕಿ ಹನಿ ಹನಿ ಮೂತ್ರ ಮಾಡುದು, ಹೊರಗೆ ಬಂದದ್ದು ಒಳಗೆ ಹೋಗದೆ ಊದಿಕೊಂಡು ನೇತಾಡುದು, ಇಷ್ಟರಲ್ಲಿ ಒಂದು ಕಂಡ್ರೂ ತಕ್ಷಣ ನೋಡಿ. ನಾನಂತೂ ತಿಂಗಳಿಗೊಮ್ಮೆ ಚೆಕ್ ಮಾಡ್ತೇನೆ, ತಂಗಿ ಹಿಡ್ಕೊಳ್ತಾಳೆ, ನಾನು ಹೊರಚರ್ಮ ಮೆಲ್ಲ ಹಿಂದೆ ಸರಿಸಿ ಬುಡದ ತನಕ ನೋಡುದು. ರೋಮ ಕಂಡ್ರೆ ನೀರಿನ ಅಂಶದ ಜೆಲ್ಲಿ ಹಚ್ಚಿ ಉರುಳಿಸಿ ತೆಗೀಬಹುದು. ಬಿಗಿಯಾಗಿದ್ರೆ ಎಳೀಬೇಡಿ, ಕತ್ತರಿ ಹಾಕ್ಲೇಬೇಡಿ, ಡಾಕ್ಟ್ರು ಅರಿವಳಿಕೆ ಕೊಟ್ಟು ತೆಗೀತಾರೆ.

ಬದಿಯಡ್ಕದ ಹುಡುಗ:
ಹೆಣ್ಣಿಗೆ ಇನ್ನು ಮರಿ ಆಗ್ಲಿಕ್ಕಿಲ್ಲ, ಹಾಗಾಗಿ ಹೊಲಿಗೆ ಒಣಗಿದ ಮೇಲೆ ಡಾಕ್ಟ್ರನ್ನು ಕೇಳಿ ಇಬ್ಬರನ್ನೂ ಪುನಃ ಒಟ್ಟಿಗೆ ಬಿಡಬಹುದು. ಅಲ್ಲಿ ತನಕ ಗೂಡು ಗೂಡಿನ ಪಕ್ಕವೇ ಇರ್ಲಿ. ಮತ್ತೆ ಹೊಲಿಗೆ ಒಣಗುವ ತನಕ ಹುಡಿ ಸ್ನಾನದ ಡಬ್ಬಿ (ಅವು ಹೊರಳಿ ರೋಮ ಶುಚಿ ಮಾಡ್ಕೊಳ್ಳುವ ನಯವಾದ ಹುಡಿಯದ್ದು) ಇಡ್ಬೇಡಿ, ಹುಡಿ ಗಾಯದೊಳಗೆ ಹೋಗ್ತದೆ.