ಒಂದೇ ಸುದ್ದಿ ಎರಡು ಥರ ಬಂದರೆ ಯಾವುದನ್ನು ನಂಬೋದು?

ಅಂಕೋಲೆಯ ಓದುಗಿ
ಅಪ್ಪ ನಿವೃತ್ತ ಮಾಸ್ತರ್ರು, ಕಣ್ಣು ಮಂಜಾಗಿದೆ. ದಿನಾ ಪೇಪರ್ ಓದಿ ಹೇಳೋದು ನನ್ನ ಕೆಲಸ. ರಾಜಕೀಯದ ಸುದ್ದಿ ಬಂದರೆ ಅಲ್ಲೇ ತಡೆದು ಕೇಳ್ತಾರೆ: "ಇದು ಆದದ್ದಾ, ಬರೆದವರು ಅಂದುಕೊಂಡದ್ದಾ?" ಬಹಳ ಸಲ ನನಗೆ ಹೇಳೋಕೆ ಬರೋದಿಲ್ಲ. ಒಂದು ದೇಶ ಒಂದು ಚುನಾವಣೆ ಮಸೂದೆ ಬಂದಾಗ ಗೋವಾದಲ್ಲಿರುವ ಅಣ್ಣ "ಪಾಸಾಯ್ತು" ಅಂತ ವಾಟ್ಸಾಪ್ ಕಳಿಸಿದ. ಕುಮಟೆಯ ಮಾವ ಫೋನ್ ಮಾಡಿ "ಮೂರನೇ ಎರಡು ಸಿಗಲಿಲ್ಲ, ಬಿದ್ದುಹೋಯ್ತು" ಅಂದರು. ಯಾವ ಪಕ್ಷಕ್ಕೂ ವಾಲದ ಪೇಪರ್, ಚಾನೆಲ್ ಇದ್ದರೆ ಹೇಳಿ. ಇಂಗ್ಲಿಷ್ ಓದಬಲ್ಲೆ, ಆದರೆ ಅಪ್ಪನಿಗೆ ಕನ್ನಡದಲ್ಲೇ ಹೇಳಬೇಕು.

ಶಿರಸಿ ಪೇಪರ್ ಏಜೆಂಟ್
ತಂಗೀ, ಮೊದಲು ಆ ಮಸೂದೆ ವಿಷಯ ಮುಗಿಸ್ತೇನೆ. 2024ರ ಡಿಸೆಂಬರ್ 17ಕ್ಕೆ ಲೋಕಸಭೆಯಲ್ಲಿ ಆದದ್ದು ಮಂಡನೆ ಅಷ್ಟೇ. ಪರ 269, ವಿರುದ್ಧ 198. ಮಂಡನೆಗೆ ಸಾದಾ ಬಹುಮತ ಸಾಕು, ಅದು ಸಿಕ್ಕಿತು. ಸಂವಿಧಾನ ತಿದ್ದುಪಡಿ ಪಾಸಾಗಬೇಕಾದರೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಬೇಕು. ಅಂದು ಮತ ಹಾಕಿದ 467 ಜನರ ಲೆಕ್ಕದಲ್ಲಿ 312. ನಿಮ್ಮ ಮಾವ ಹೇಳಿದ ಲೆಕ್ಕ ಸರಿ, ಆದರೆ ಆ ದಿನಕ್ಕೆ ಅದು ಬೇಕಿರಲಿಲ್ಲ. ಮಸೂದೆ ಬೀಳಲೂ ಇಲ್ಲ, ಪಾಸಾಗಲೂ ಇಲ್ಲ, ಜಂಟಿ ಸಂಸದೀಯ ಸಮಿತಿಗೆ ಹೋಯಿತು.

ಈ ನಾಲ್ಕು ಸಾಲು ತಿಳಿಯೋಕೆ ಯಾವ ವಿಶ್ಲೇಷಕರೂ ಬೇಡ. ಪಿಆರ್‌ಎಸ್ ಅನ್ನೋ ಸಂಸ್ಥೆ 2005ರಿಂದ ಇದನ್ನೇ ಮಾಡ್ತಾ ಇದೆ. ಮಸೂದೆಯ ಪ್ರತಿ, ಅದರ ಸಾರಾಂಶ, ಈಗ ಎಲ್ಲಿಗೆ ಬಂದಿದೆ, ಎಲ್ಲ ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ. ಇಂಗ್ಲಿಷಿನಲ್ಲಿದೆ, ನೀವು ಓದಿ ಅಪ್ಪನಿಗೆ ಹೇಳಬಹುದು.

ಪೇಪರ್ ವಿಷಯ. ಬಂಡಲ್ ಬಿಚ್ಚಿ ಸಪ್ಲಿಮೆಂಟ್ ಸೇರಿಸುವಾಗ ಎಲ್ಲ ಪೇಪರಿನ ಮುಖಪುಟ ನನ್ನ ಮುಂದೆ ಹರಡಿರುತ್ತದೆ. ಒಂದರಲ್ಲಿ ದೊಡ್ಡದಾಗಿ ಬಂದದ್ದು ಇನ್ನೊಂದರಲ್ಲಿ ಒಳಪುಟದ ಮೂಲೆಯಲ್ಲಿರುತ್ತದೆ. ವಾಲದ ಪೇಪರ್ ಅಂತ ಒಂದನ್ನು ತೋರಿಸೋಕೆ ನನಗಾಗದು. ಎರಡು ಓದಿ, ಮಾಲೀಕರು ಬೇರೆ ಬೇರೆ ಇರಲಿ. ಕಟ್ಟಿದವರು ಯಾರು ಅಂತಲೂ ಗೊತ್ತಿರಲಿ. ವಿಜಯವಾಣಿ ಶುರು ಮಾಡಿದ ವಿಜಯ ಸಂಕೇಶ್ವರರು ಬಿಜೆಪಿಯಿಂದ ಸಂಸದರಾಗಿದ್ದವರು. 1938ರಲ್ಲಿ ನೆಹರೂ ಶುರು ಮಾಡಿದ ನ್ಯಾಷನಲ್ ಹೆರಾಲ್ಡಿಗೆ ಕಾಂಗ್ರೆಸ್ ನಂಟು ಇವತ್ತಿಗೂ ಇದೆ. ಹಾಗಂತ ಅಲ್ಲಿ ಬಂದದ್ದೆಲ್ಲ ಸುಳ್ಳು ಅಂತ ಅಲ್ಲ. ಯಾವ ಸುದ್ದಿಯನ್ನು ಇನ್ನೊಂದು ಕಡೆ ನೋಡಬೇಕು ಅನ್ನೋದು ತಿಳಿಯುತ್ತದೆ. ಹೆಡ್ಡಿಂಗಿನಲ್ಲಿ ಕಿಡಿ, ಗುಡುಗು, ತಿರುಗೇಟು ಕಂಡರೆ ಅದನ್ನು ಬಿಟ್ಟು ಒಳಗೆ ಎಷ್ಟು ಓಟು, ಯಾವ ಆದೇಶ, ಯಾವ ತಾರೀಕು ಅಂತ ಹುಡುಕಿ. ಅದೇನೂ ಸಿಗದಿದ್ದರೆ ಅದು ಬರೀ ಮಾತಿನ ವರದಿ.

ಕಾರವಾರದವ
ಏಜೆಂಟ್ರೇ, ಶಿಫ್ಟ್ ಮುಗಿಸಿ ಬಂದವರಿಗೆ ಮಸೂದೆ ಓದೋಕೆ ಎಲ್ಲಿ ಆಗ್ತದೆ? ನಮ್ಮನೆಯಲ್ಲಿ ಆಕಾಶವಾಣಿ ಪ್ರದೇಶ ಸಮಾಚಾರ ಕೇಳ್ತೇವೆ. ಕೂಗಾಟ ಇಲ್ಲ, ಆದದ್ದು ಹೇಳಿ ಮುಗಿಸ್ತಾರೆ. ಕಣ್ಣು ಕಾಣದವರಿಗೆ ಇದೇ ಒಳ್ಳೇದು.

ಶಿರಸಿ ಪೇಪರ್ ಏಜೆಂಟ್
ಕೇಳಿ, ನಾನೂ ಕೇಳ್ತೇನೆ. ಆದರೆ ಆಕಾಶವಾಣಿ ನಡೆಸುವ ಪ್ರಸಾರ ಭಾರತಿ ಹೆಚ್ಚಾಗಿ ನಡೆಯೋದು ಕೇಂದ್ರ ಸರ್ಕಾರದ ದುಡ್ಡಿನಲ್ಲಿ. ಸರ್ಕಾರ ಏನು ಮಾಡಿತು ಅನ್ನೋದು ಅಲ್ಲಿ ಚೆನ್ನಾಗಿ ಸಿಗುತ್ತದೆ. ಅದರ ಮೇಲಿನ ಆಕ್ಷೇಪಕ್ಕೆ ಪೇಪರ್ ಬೇಕೇ ಬೇಕು.

ಹೊನ್ನಾವರ ಕಡಲಬದಿ
ದಿಲ್ಲಿ ಸುದ್ದಿಗೆ ಇದೆಲ್ಲ ಸರಿ. ನಮಗೆ ಕಾಸರಕೋಡಿನ ಬಂದರೇ ದೊಡ್ಡ ರಾಜಕೀಯ. ಪ್ರತಿಭಟನೆ ಆದ ದಿನ ಫೋಟೋ ಬರ್ತದೆ, ಮರುದಿನ ಏನೂ ಇಲ್ಲ. ಅದಕ್ಕೇ ನಾನು ಕರಾವಳಿ ಮುಂಜಾವು, ಲೋಕಧ್ವನಿ ಥರದ ಜಿಲ್ಲೆಯ ಪೇಪರ್ ಬಿಡೋದಿಲ್ಲ. ತಾಲೂಕಿನ ಸಭೆಗೆ ಬಂದು ಕೂರೋರು ಅವರೇ.

ಇನ್ನೊಂದು ಮಾತು, ಅಂಕೋಲೆಯವರು ಕೇಣಿ ಬಂದರಿನ ಸಲುವಾಗಿ ಗಮನಿಸಿ. ಪರಿಸರ ಅಹವಾಲು ಸಭೆ ಇಟ್ಟರೆ 2006ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆ ಪ್ರಕಾರ ಜನರಿಗೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು. ಅದು ಪೇಪರಿನಲ್ಲೂ ಬರಬೇಕು. ಆ ಇಐಎ ವರದಿಯ ಸಾರಾಂಶ ಊರಿನ ಭಾಷೆಯಲ್ಲೂ ಇರಬೇಕು, ಸಭೆಯ ವಿಡಿಯೋ ಮಾಡಬೇಕು. ಕಂಪನಿ ಒಂದು ಹೇಳ್ತದೆ, ಹೋರಾಟದವರು ಇನ್ನೊಂದು ಹೇಳ್ತಾರೆ. ಆ ಕನ್ನಡ ಸಾರಾಂಶ ಕೈಯಲ್ಲಿದ್ದರೆ ಇಬ್ಬರ ಮಾತನ್ನೂ ತಾಳೆ ನೋಡಬಹುದು. ಕೈಗೆ ಸಿಕ್ಕದ್ದನ್ನು ದಯವಿಟ್ಟು ಓಣಿಯವರಿಗೆಲ್ಲ ಓದಿ ಹೇಳಿ. ಸಭೆಗೆ ಹೋದಾಗ ಮೈಕ್ ಹಿಡಿದು ಪ್ರಶ್ನೆ ಕೇಳೋಕೆ ಧೈರ್ಯ ಬರ್ತದೆ.

ಅಂಕೋಲೆಯ ಓದುಗಿ
ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಎರಡನೇ ಪೇಪರ್ ನಾಳೆಯಿಂದ ಹಾಕೋಕೆ ಹೇಳಿದ್ದೇನೆ. ಸಂಸತ್ತಿನ ಸಮಿತಿಗಳು ವರದಿ ಕೊಟ್ಟರೆ ನಮ್ಮಂಥವರಿಗೆ ಓದೋಕೆ ಸಿಗ್ತದಾ?

ಶಿರಸಿ ಪೇಪರ್ ಏಜೆಂಟ್
ಸಿಗ್ತದೆ. ಸದನದಲ್ಲಿ ಮಂಡಿಸಿದ ಮೇಲೆ ಸಂಸತ್ತಿನ ವೆಬ್‌ಸೈಟಿನಲ್ಲಿ ಹಾಕ್ತಾರೆ. ದಪ್ಪ ಇದೆ ಅಂತ ಹೆದರಬೇಡಿ. ಶಿಫಾರಸು ಓದಿ ಸೀದಾ ಕೊನೆಯ ಪುಟಗಳಿಗೆ ಹೋಗಿ. ಒಪ್ಪದ ಸದಸ್ಯರು ಬರೆದ ಭಿನ್ನಮತದ ಟಿಪ್ಪಣಿ ಅಲ್ಲಿರುತ್ತದೆ. ಎರಡೂ ಕಡೆಯವರ ವಾದ ಒಂದೇ ಕಡೆ, ಅವರದೇ ಸಹಿಯ ಜೊತೆ ಸಿಗ್ತದೆ.